ಕುಸುಬಿಯ ಎಣ್ಣೆ, ಸೀಸೆಯ ಗುಳಿಗೆ

ನಮ್ಮ ಅಕ್ಕನನ್ನು ಕೊಟ್ಟಿರುವುದು ರಾಮಥಾಳಕ್ಕೆ. ಹುನಗುಂದ ಸೀಮೆಯ ಎರೆಯ ನೆಲ. ಮಳೆ ಕಡಿಮೆ, ಬಿದ್ದ ಮಳೆಯನ್ನು ಒಡ್ಡು ಹಾಕಿ ನಿಲ್ಲಿಸಿಕೊಂಡು, ಆ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಹಿಂಗಾರಿ ಬೆಳೆಯನ್ನು ಕೈಗೆ ತಂದುಕೊಳ್ಳುವ ಜನ. ಬಿಳಿಜೋಳ, ಕಡಲೆ, ಅಗಸಿ, ಕುಸುಬಿ ಇವು ಅಲ್ಲಿಯ ಹಳೆಯ ಬೆಳೆಗಳು. ಕಳೆದ ಚಳಿಗಾಲದಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಅಲ್ಲಿಗೆ ಹೋದಾಗ ನಮ್ಮ ಮಾಮಾ ಅವರು, ಎಂದರೆ ಅಕ್ಕನ ಯಜಮಾನರು, ಊಟಕ್ಕೆ ಕೂಡುವ ಮೊದಲೇ ಒಂದು ಸೀಸೆಯನ್ನು ನನ್ನ ಕೈಗಿತ್ತರು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಕಾರಣಕ್ಕೆ ನಾನು ಅವರಿಗೆ ಇಂದಿಗೂ ‘ಮಾಸ್ತರ’.

“ಮಾಸ್ತರ, ಇದರ ಮ್ಯಾಲ ಏನ್ ಬರದಾರ ಓದಿ ಹೇಳ್ರಿ. ಗಿಡದಿಂದ ಮಾಡಿದ್ದಂತ. ಕೊಲೆಸ್ಟೆರಾಲ್ ಇಳಸತೈತಂತ. ಗಿಡದ್ದ ಇರೂವಾಗ ಆ ದವಾಖಾನಿ ಗುಳಿಗಿ ಯಾಕ ನುಂಗಬೇಕು?”

ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂದು, ಹೃದಯದ ರಕ್ತನಾಳವೊಂದನ್ನು ಹಿಗ್ಗಿಸಿ ಅದರೊಳಗೆ ಲೋಹದ ಜಾಲರಿಯನ್ನು ಕೂಡಿಸಿದ್ದರು. ಅಂದಿನಿಂದ ರಾತ್ರಿ ಮಲಗುವಾಗ ಒಂದು ಗುಳಿಗೆ ತಪ್ಪದೆ ನಡೆದಿತ್ತು. ಬಳಗದ ಹುಡುಗನೊಬ್ಬ ಪಟ್ಟಣದಿಂದ ಈ ಸೀಸೆಯನ್ನು ತಂದುಕೊಟ್ಟ ಮೇಲೆ, ಎರಡು ತಿಂಗಳಿಂದ ಅದು ನಿಂತಿದೆ ಎಂಬ ಸಂಗತಿ ಅಕ್ಕನ ಬಾಯಿಂದ ಹೊರಬಿದ್ದಿತು. “ತಮ್ಮಾ, ನೀನರ ಹೇಳು. ನನ್ನ ಮಾತು ಇವರ ಕಿವಿಗೆ ಹೋಗೂದಿಲ್ಲ,” ಎಂದವಳು ರೊಟ್ಟಿಯ ಹಿಟ್ಟಿಗೆ ಕೈಹಾಕಿದಳು. ಅವಳು ಮುಖ ಎತ್ತಲಿಲ್ಲ.

ಸೀಸೆಯ ಮೇಲೆ ಬರೆದದ್ದು ಸುಳ್ಳಾಗಿರಲಿಲ್ಲ. ಅದರಲ್ಲಿದ್ದದ್ದು ಸಸ್ಯಜನ್ಯ ಸ್ಟೆರಾಲ್. ಅಂದು ಅವರಿಗೆ ಹೇಳಿದ ಸಂಗತಿಯನ್ನೇ ಇಂದು ಕೇಳುಗರ ಮುಂದೆ ಸ್ವಲ್ಪ ವಿಸ್ತರಿಸಿ ಇಡುತ್ತೇನೆ.

ಸ್ಟೆರಾಲ್ ಎಂಬುದು ಒಂದು ಪದಾರ್ಥದ ಹೆಸರಲ್ಲ, ಒಂದು ಮನೆತನದ ಹೆಸರು. ಕೊಲೆಸ್ಟೆರಾಲ್ ಆ ಮನೆತನದ ಪ್ರಸಿದ್ಧ ವ್ಯಕ್ತಿ. ಪ್ರಸಿದ್ಧಿಗಿಂತ ಅಪಕೀರ್ತಿಯೇ ಹೆಚ್ಚು. ಪಿತ್ತಕೋಶದ ಕಲ್ಲುಗಳಲ್ಲಿ ಮೊದಲು ದೊರೆತುದರಿಂದ ಗ್ರೀಕ್ ಭಾಷೆಯ ‘ಪಿತ್ತ’ ಎಂಬ ಮಾತು ಅದರ ಹೆಸರಿನಲ್ಲಿ ಸೇರಿಕೊಂಡಿದೆ. ಇದು ಸ್ವತಃ ವಿಷವೇನೂ ಅಲ್ಲ. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಪೊರೆಗೂ ಇದು ಬೇಕು. ಇದಿಲ್ಲದೆ ಪಿತ್ತರಸವಿಲ್ಲ, ಹಲವು ಹಾರ್ಮೋನುಗಳಿಲ್ಲ, ‘ಡಿ’ ಜೀವಸತ್ವವಿಲ್ಲ. ಪ್ರಾಣಿಗಳ ಜೀವಕೋಶಕ್ಕೆ ಕೊಲೆಸ್ಟೆರಾಲ್ ಮಾಡುವ ಕೆಲಸವನ್ನು ಸಸ್ಯಗಳ ಜೀವಕೋಶದಲ್ಲಿ ಅದರ ದಾಯಾದಿಗಳು ಮಾಡುತ್ತವೆ. ಸಿಟೋಸ್ಟೆರಾಲ್, ಕ್ಯಾಂಪೆಸ್ಟೆರಾಲ್, ಸ್ಟಿಗ್ಮಾಸ್ಟೆರಾಲ್ ಎಂಬುವು ಅವುಗಳಲ್ಲಿ ಮುಖ್ಯವಾದವು. ಮೊದಲನೆಯದರ ಹೆಸರಿನಲ್ಲಿರುವ ‘ಸಿಟೋಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಧಾನ್ಯ. ಒಂದಕ್ಕೆ ಪಿತ್ತದ ಹೆಸರು, ಇನ್ನೊಂದಕ್ಕೆ ಧಾನ್ಯದ ಹೆಸರು. ಆದರೆ ಅಣುವಿನ ರಚನೆಯನ್ನು ನೋಡಿದರೆ ಅವಳಿಜವಳಿ ಎನ್ನಬೇಕು. ಎರಡರಲ್ಲಿಯೂ ಅವೇ ನಾಲ್ಕು ಉಂಗುರಗಳು, ಅದೇ ಬಾಲ. ಕೊಲೆಸ್ಟೆರಾಲಿನಲ್ಲಿ ಇಂಗಾಲದ ಪರಮಾಣುಗಳು 27, ಸಿಟೋಸ್ಟೆರಾಲಿನಲ್ಲಿ 29. ಹೆಚ್ಚಿನ ಆ ಎರಡು ಪರಮಾಣುಗಳು ಬಾಲದಲ್ಲಿವೆ. ವ್ಯತ್ಯಾಸ ಇಷ್ಟೇ, ಇಷ್ಟರಿಂದಲೇ ಈ ಕಥೆಯೆಲ್ಲ ಹುಟ್ಟಿದೆ.

ಇಲ್ಲಿ ಮಾಮಾ ಅವರು ನಡುವೆ ಬಾಯಿ ಹಾಕಿದರು. “ನಮ್ಮ ಮನ್ಯಾಗ ತತ್ತಿ ಇಲ್ಲ, ಮಾಂಸ ಇಲ್ಲ. ನನಗ್ಯಾಕ ಬಂತು ಈ ಕೊಲೆಸ್ಟೆರಾಲ್?” ಇದು ನಮ್ಮ ಕಡೆಯ ಅನೇಕರ ಪ್ರಶ್ನೆ, ಮತ್ತು ನ್ಯಾಯವಾದ ಪ್ರಶ್ನೆ. ಶರೀರದಲ್ಲಿರುವ ಕೊಲೆಸ್ಟೆರಾಲಿನ ಬಹುಭಾಗವನ್ನು ನಾವು ತಿನ್ನುವುದಿಲ್ಲ. ಯಕೃತ್ತು ಮೊದಲಾದ ಅಂಗಗಳು ಅದನ್ನು ತಾವೇ ತಯಾರಿಸುತ್ತವೆ. ಎಷ್ಟು ತಯಾರಾಗಬೇಕು, ಎಷ್ಟು ರಕ್ತದಿಂದ ತೊಲಗಬೇಕು ಎಂಬುದರಲ್ಲಿ ತಂದೆತಾಯಿಯರಿಂದ ಬಂದ ಗುಣದ ಪಾಲು ದೊಡ್ಡದು, ತಿನ್ನುವ ಜಿಡ್ಡಿನ ಜಾತಿಯ ಪಾಲೂ ಇದೆ. ಹೀಗೆ ತಯಾರಾದುದರಲ್ಲಿ ದಿನವೂ ಸುಮಾರು 1 ಗ್ರಾಮಿನಷ್ಟು ಪಿತ್ತರಸದೊಂದಿಗೆ ಸಣ್ಣ ಕರುಳಿಗೆ ಇಳಿಯುತ್ತದೆ. ಮಾಂಸಾಹಾರಿಯೊಬ್ಬನು ದಿನಕ್ಕೆ ತಿನ್ನುವ ಕೊಲೆಸ್ಟೆರಾಲ್ ಸಾಧಾರಣವಾಗಿ ಇದರ ಮೂರರಲ್ಲೊಂದು ಭಾಗ. ಕರುಳಿಗೆ ಇಳಿದುದರಲ್ಲಿ ಅರ್ಧದಷ್ಟು ಮರಳಿ ರಕ್ತಕ್ಕೆ ಸೇರುತ್ತದೆ, ಉಳಿದರ್ಧ ಮಲದೊಂದಿಗೆ ಹೊರಗೆ ಹೋಗುತ್ತದೆ. ಆದ್ದರಿಂದ ತತ್ತಿಯನ್ನು ಮುಟ್ಟದವನ ಕರುಳಿನಲ್ಲಿಯೂ ಕೊಲೆಸ್ಟೆರಾಲಿನ ಸಂಚಾರ ನಿತ್ಯ ನಡೆದೇ ಇರುತ್ತದೆ. ಸಸ್ಯ ಸ್ಟೆರಾಲುಗಳು ಕೈಹಾಕುವುದು ಈ ಸಂಚಾರಕ್ಕೆ.

ಹುನಗುಂದದಿಂದ ಹಳ್ಳಿಗೆ ಹೊರಡುವ ಸಂಜೆಯ ಬಸ್ಸನ್ನು ನೆನೆಸಿಕೊಳ್ಳಿರಿ. ಕೊಲೆಸ್ಟೆರಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಕರುಳಿನ ಗೋಡೆಯವರೆಗೆ ಹೋಗಬೇಕಾದರೆ ಪಿತ್ತಲವಣ ಮತ್ತು ಜೀರ್ಣವಾದ ಜಿಡ್ಡು ಸೇರಿ ಆಗುವ ಅತಿ ಸೂಕ್ಷ್ಮವಾದ ಕಣಗಳನ್ನು ಅದು ಏರಬೇಕು. ಆ ಕಣಗಳಲ್ಲಿ ಸ್ಥಳ ಮಿತವಾದದ್ದು. ಸಿಟೋಸ್ಟೆರಾಲ್ ಅದೇ ಬಸ್ಸನ್ನು ಏರುತ್ತದೆ, ಮತ್ತು ಮೊದಲೇ ಹೋಗಿ ಕೂಡುವುದರಲ್ಲಿ ಅದು ಜಾಣ. ಕೊಲೆಸ್ಟೆರಾಲಿನ ಒಂದು ಪಾಲು ನಿಲ್ದಾಣದಲ್ಲಿಯೇ ಉಳಿಯುತ್ತದೆ. ಹಾಗಾದರೆ ಸೀಟು ಹಿಡಿದ ಸಿಟೋಸ್ಟೆರಾಲ್ ರಕ್ತವನ್ನು ಸೇರಿ ಅದೇ ಉಪದ್ರವವನ್ನು ಮಾಡುವುದಿಲ್ಲವೆ ಎಂದು ಕೇಳಬಹುದು. ಸೇರಗೊಡುವುದಿಲ್ಲ, ಅಲ್ಲಿದೆ ಶರೀರದ ಚಮತ್ಕಾರ. ಕರುಳಿನ ಜೀವಕೋಶದೊಳಗೆ ಬಂದ ಅಪರಿಚಿತ ಸ್ಟೆರಾಲನ್ನು ಗುರುತಿಸಿ ಮರಳಿ ಹೊರಕ್ಕೆ ನೂಕುವ ಜೋಡಿ ಪ್ರೋಟೀನೊಂದು ಅಲ್ಲಿ ಕಾವಲಿದೆ. ಬಾಲದಲ್ಲಿರುವ ಎರಡು ಹೆಚ್ಚಿನ ಪರಮಾಣುಗಳೇ ಅದಕ್ಕೆ ಗುರುತು. ಹೀಗಾಗಿ ಕೊಲೆಸ್ಟೆರಾಲಿನ ಅರ್ಧದಷ್ಟು ಒಳಗೆ ಹೋದರೆ, ಸಿಟೋಸ್ಟೆರಾಲಿನಲ್ಲಿ ಒಳಸೇರುವುದು ನೂರಕ್ಕೆ 5ಕ್ಕಿಂತ ಕಡಿಮೆ.

ಈ ಕಾವಲು ಹುಟ್ಟಿನಿಂದಲೇ ಕೆಟ್ಟಿರುವ ಕೆಲವರು ಲೋಕದಲ್ಲಿದ್ದಾರೆ. ಬಹಳ ವಿರಳವಾದ ಈ ರೋಗವನ್ನು ಭಟ್ಟಾಚಾರ್ಯ ಮತ್ತು ಕಾನರ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು 1974ರಲ್ಲಿ ಅಮೆರಿಕದ ಇಬ್ಬರು ಅಕ್ಕತಂಗಿಯರಲ್ಲಿ ಗುರುತಿಸಿದರು. ಅಂಥವರ ರಕ್ತದಲ್ಲಿ ಸಸ್ಯ ಸ್ಟೆರಾಲೇ ತುಂಬಿಕೊಳ್ಳುತ್ತದೆ. ಸ್ನಾಯುರಜ್ಜುಗಳ ಮೇಲೆ ಜಿಡ್ಡಿನ ಗಂಟುಗಳು ಏಳುತ್ತವೆ, ಎಳೆವಯಸ್ಸಿನಲ್ಲಿಯೇ ಹೃದಯದ ರೋಗ ಬರಬಹುದು. ಗಿಡದಿಂದ ಬಂದದ್ದೆಲ್ಲ ಎಲ್ಲರಿಗೂ ನಿರಪಾಯವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಈ ಸಂಗತಿ ವಿಜ್ಞಾನಕ್ಕೆ ಹೊಸತೇನೂ ಅಲ್ಲ. 1951ರಲ್ಲಿಯೇ ಕೋಳಿಮರಿಗಳಿಗೆ ಕೊಲೆಸ್ಟೆರಾಲಿನ ಜೊತೆಗೆ ಸೋಯಾ ಅವರೆಯ ಸ್ಟೆರಾಲನ್ನು ತಿನ್ನಿಸಿದಾಗ ರಕ್ತದ ಕೊಲೆಸ್ಟೆರಾಲ್ ಏರದೆ ನಿಂತುದನ್ನು ಕಂಡಿದ್ದರು. ಆ ದಶಕದಲ್ಲಿಯೇ ಅಮೆರಿಕದಲ್ಲಿ ಅದು ಔಷಧವಾಗಿ ಅಂಗಡಿಗೆ ಬಂತು. ದೊಡ್ಡ ಪ್ರಮಾಣದಲ್ಲಿ ನುಂಗಬೇಕಾಗಿದ್ದ ಆ ಪುಡಿ ಜನಕ್ಕೆ ಒಗ್ಗಲಿಲ್ಲ. ಬಳಿಕ ಫಿನ್‌ಲೆಂಡಿನವರು ಪೈನ್ ಮರದಿಂದ ಕಾಗದದ ತಿರುಳನ್ನು ಮಾಡುವಾಗ ಹೊರಬರುವ ಜಿಡ್ಡಿನಿಂದ ಸ್ಟೆರಾಲನ್ನು ತೆಗೆದು, ಅದನ್ನು ತುಸು ಮಾರ್ಪಡಿಸಿ, ಬ್ರೆಡ್ಡಿಗೆ ಸವರುವ ಮಾರ್ಗರೀನಿನಲ್ಲಿ ಬೆರೆಸಿದರು. ಹೃದಯರೋಗಕ್ಕೆ ಕುಖ್ಯಾತವಾಗಿದ್ದ ಉತ್ತರ ಕರೇಲಿಯ ಪ್ರಾಂತದ 153 ಜನರ ಮೇಲೆ ಮಿಯೆಟ್ಟಿನೆನ್ ಮತ್ತು ಅವರ ಸಹೋದ್ಯೋಗಿಗಳು ಒಂದು ವರ್ಷ ಇದನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಟ್ಟು ಕೊಲೆಸ್ಟೆರಾಲ್ ನೂರಕ್ಕೆ 10ರಷ್ಟು, ಕೆಟ್ಟದೆಂದು ಕರೆಯುವ ಎಲ್‌ಡಿಎಲ್ ನೂರಕ್ಕೆ 14ರಷ್ಟು ಇಳಿದಿತ್ತು. ಅನಂತರ ನಡೆದ ಹತ್ತಾರು ಪರೀಕ್ಷೆಗಳನ್ನು ಒಟ್ಟಿಗೆ ತೂಗಿದರೆ, ದಿನಕ್ಕೆ 2 ಗ್ರಾಂ ಸೇವಿಸಿದವರಲ್ಲಿ ಎಲ್‌ಡಿಎಲ್ ನೂರಕ್ಕೆ 8ರಿಂದ 10ರಷ್ಟು ಕಡಿಮೆಯಾಗುತ್ತದೆ ಎನ್ನಬಹುದು. ಅದಕ್ಕಿಂತ ಹೆಚ್ಚು ತಿಂದರೆ ಹೆಚ್ಚು ಇಳಿಯುವುದಿಲ್ಲ. ಬಸ್ಸಿನ ಸೀಟುಗಳು ಅಷ್ಟೇ ತಾನೆ.

ಇಷ್ಟು ಹೇಳುವ ಹೊತ್ತಿಗೆ ಅಕ್ಕ ತಾಟು ಹಾಕಿದ್ದಳು. ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಶೇಂಗಾದ ಹಿಂಡಿ, ಮೇಲೆ ಎಣ್ಣೆ. ನಾನು ಸೀಸೆಯನ್ನು ಬದಿಗಿಟ್ಟು ತಾಟಿನ ಲೆಕ್ಕಕ್ಕೆ ತೊಡಗಿದೆ. ದಿನಕ್ಕೆ 300 ಗ್ರಾಂ ಜೋಳ ಉಂಡರೆ ಅದರಿಂದ ಸುಮಾರು 150 ಮಿಲಿಗ್ರಾಂ ಸ್ಟೆರಾಲ್ ಬರುತ್ತದೆ. ಕುಸುಬಿ ಎಣ್ಣೆಯಲ್ಲಿ 100 ಗ್ರಾಮಿಗೆ 400ರ ಮೇಲೆ ಇರುವುದರಿಂದ ನಾಲ್ಕು ಚಮಚೆಗೆ 80-90. ಒಂದು ಹಿಡಿ ಶೇಂಗಾಕ್ಕೆ 40ರ ಮೇಲೆ. ಎಳ್ಳು ಎಲ್ಲಕ್ಕೂ ಶ್ರೀಮಂತ. ಸಂಕ್ರಾಂತಿಯ ಸಜ್ಜೆಯ ರೊಟ್ಟಿಗೆ ಹಚ್ಚುವ ಎಳ್ಳು 10 ಗ್ರಾಂ ಆದರೂ 50ಕ್ಕೆ ಕಡಿಮೆಯಾಗದು. ಕಾಳು, ಸೊಪ್ಪು, ಚಟ್ನಿಗಳನ್ನು ಸೇರಿಸಿದರೆ ಇಡೀ ದಿನದ್ದು 350, ಬಹಳವಾದರೆ 400 ಮಿಲಿಗ್ರಾಂ. ಲೋಕದ ಸಾಮಾನ್ಯ ಊಟದಲ್ಲಿ 150ರಿಂದ 450 ಎಂದು ಹೇಳುತ್ತಾರೆ. ನಮ್ಮ ತಾಟು ಅದರ ಮೇಲಿನ ತುದಿಗೆ ಹತ್ತಿರವಿದೆ. ತುಪ್ಪದಲ್ಲಿ ಸಸ್ಯ ಸ್ಟೆರಾಲಿನ ಮಾತೇ ಇಲ್ಲ, ಅಲ್ಲಿರುವುದು ಕೊಲೆಸ್ಟೆರಾಲ್. ತೆಂಗಿನೆಣ್ಣೆಯಲ್ಲಿಯೂ ತಾಳೆ ಎಣ್ಣೆಯಲ್ಲಿಯೂ ಅಲ್ಪ. ಅಮೀನಗಡದ ಕರದಂಟಿನ ವಿಷಯವನ್ನೂ ಮಾಮಾ ಕೇಳಿದರು. ಅದರಲ್ಲಿ ಬಾದಾಮಿ ಪಿಸ್ತಾ ಇವೆ, ಅವುಗಳಲ್ಲಿ ಸ್ಟೆರಾಲೂ ಇದೆ. ಆದರೆ ಬೆಲ್ಲ ತುಪ್ಪಗಳನ್ನು ಬಿಟ್ಟು ಕರದಂಟು ತಿನ್ನುವ ವಿದ್ಯೆಯನ್ನು ನಾನು ಕಲಿತಿಲ್ಲ ಎಂದೆ.

2 ಗ್ರಾಂ ಎಲ್ಲಿ, 400 ಮಿಲಿಗ್ರಾಂ ಎಲ್ಲಿ? ಊಟದಿಂದ ಬರುವುದು ಲೆಕ್ಕಕ್ಕಿಲ್ಲದ್ದೆಂದು ವೈದ್ಯಶಾಸ್ತ್ರವೂ ಬಹುಕಾಲ ಭಾವಿಸಿತ್ತು. 2002ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಆಸ್ಟ್‌ಲಂಡ್ ಮತ್ತು ಅವರ ಜೊತೆಗಾರರು ಒಂದು ಸರಳವಾದ ಪ್ರಯೋಗ ಮಾಡಿದರು. ಮೆಕ್ಕೆಜೋಳದ ಎಣ್ಣೆಯಿಂದ ಅದರ ಸಹಜ ಸ್ಟೆರಾಲುಗಳನ್ನು ತೆಗೆದುಹಾಕಿ, ಆ ಬರಿದಾದ ಎಣ್ಣೆಯನ್ನೂ ಮೂಲದ ಎಣ್ಣೆಯನ್ನೂ ಜನರಿಗೆ ಊಟದಲ್ಲಿ ಕೊಟ್ಟು ನೋಡಿದರು. ಬರಿದಾದ ಎಣ್ಣೆ ಉಂಡಾಗ ಕರುಳು ಹೀರಿಕೊಂಡ ಕೊಲೆಸ್ಟೆರಾಲ್ ನೂರಕ್ಕೆ 38ರಷ್ಟು ಹೆಚ್ಚಾಗಿತ್ತು. ತೆಗೆದುದರಲ್ಲಿ ಕೇವಲ 150 ಮಿಲಿಗ್ರಾಂ ಮರಳಿ ಬೆರೆಸಿದರೆ ಹೀರಿಕೆ 12ರಷ್ಟು, 300 ಬೆರೆಸಿದರೆ 28ರಷ್ಟು ತಗ್ಗಿತು. ಕರುಳಿನಲ್ಲಿ ತಗ್ಗಿದ್ದೆಲ್ಲ ರಕ್ತದಲ್ಲಿ ಅಷ್ಟೇ ತಗ್ಗುವುದಿಲ್ಲ, ನಿಜ. ಕೊರತೆ ಕಂಡ ಯಕೃತ್ತು ತಾನೇ ಇನ್ನಷ್ಟು ತಯಾರಿಸತೊಡಗುತ್ತದೆ. ಆದರೂ ಊಟದ ಸ್ಟೆರಾಲು ಸುಮ್ಮನೆ ಕೂತಿರುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಇಲ್ಲಿ ಒಂದು ವಿನೋದವಿದೆ, ವಿನೋದವೆಂದರೆ ಮನಸ್ಸಿಗೆ ಚುಚ್ಚುವ ವಿನೋದ. ಗಾಣದ ಎಣ್ಣೆಯಲ್ಲಿ ಬೀಜದ ಸ್ಟೆರಾಲು ಇದ್ದಂತೆಯೇ ಇರುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಎಣ್ಣೆಯ ಬಣ್ಣ, ವಾಸನೆಗಳನ್ನು ಕಳೆಯಲು ಅದನ್ನು ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಿ ಉಗಿ ಹಾಯಿಸುತ್ತಾರೆ. ಆಗ ಸ್ಟೆರಾಲಿನ ಒಂದು ಪಾಲು ಹಾರಿಹೋಗುತ್ತದೆ. ಆ ಹಾರಿದ್ದನ್ನು ತಣಿಸಿ ಹಿಡಿದು, ಶುದ್ಧಗೊಳಿಸಿ, ಗುಳಿಗೆಗೆ ತುಂಬುವ ಉದ್ಯಮವೇ ಬೇರೆ ಇದೆ. ಪೈನ್ ಮರದ ಜಿಡ್ಡಿನಂತೆ ಸ್ಟೆರಾಲಿಗೆ ಇದೂ ಒಂದು ಮುಖ್ಯ ಆಕರ. ನಮ್ಮ ಮನೆಯ ಎಣ್ಣೆಯಿಂದ ತೆಗೆದುದನ್ನೇ ನಮಗೆ ಸೀಸೆಯಲ್ಲಿ ಮರಳಿ ಮಾರುವುದು ಹೀಗೆ. ‘ಕೊಲೆಸ್ಟೆರಾಲ್ ಇಲ್ಲ’ ಎಂದು ಎಣ್ಣೆಯ ಡಬ್ಬಿಯ ಮೇಲೆ ಅಚ್ಚುಹಾಕುವುದು ಇನ್ನೊಂದು ಜಾಣತನ. ಸಸ್ಯದ ಎಣ್ಣೆಯಲ್ಲಿ ಎಣಿಸುವಷ್ಟು ಕೊಲೆಸ್ಟೆರಾಲ್ ಎಂದು ಇತ್ತು?

ಇನ್ನು ಮಾಮಾ ಅವರ ಮುಖ್ಯ ಪ್ರಶ್ನೆ: ಗುಳಿಗೆಗೆ ಬದಲು ಸೀಸೆ ಸಾಕೆ? ಇಲ್ಲಿ ನಾನು ಮೃದುವಾಗಿ ಮಾತಾಡಲಿಲ್ಲ. ಸ್ಟೆರಾಲು ರಕ್ತದ ಎಲ್‌ಡಿಎಲ್ಲನ್ನು ಇಳಿಸುತ್ತದೆಂಬುದಕ್ಕೆ ಆಧಾರವಿದೆ; ಅದರಿಂದ ಹೃದಯಾಘಾತ ತಪ್ಪಿತು, ಸಾವು ತಪ್ಪಿತು ಎಂದು ತೋರಿಸಿದ ದೊಡ್ಡ ಪರೀಕ್ಷೆ ಒಂದೂ ಇಲ್ಲ. ರಾತ್ರಿಯ ಗುಳಿಗೆ ಸ್ಟಾಟಿನ್ ಎಂಬ ವರ್ಗದ್ದು. ಅದು ಎಲ್‌ಡಿಎಲ್ಲನ್ನು ನೂರಕ್ಕೆ 30ರಿಂದ 50ರಷ್ಟು ಇಳಿಸುತ್ತದೆ. ಹೃದಯರೋಗವಿದ್ದ 4,444 ಜನರನ್ನು ಸ್ಕ್ಯಾಂಡಿನೇವಿಯದಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಈ ಗುಳಿಗೆ ತಿಂದವರಲ್ಲಿ ಸಾವು ನೂರಕ್ಕೆ 30ರಷ್ಟು ಕಡಿಮೆಯಾಗಿತ್ತು. ಒಮ್ಮೆ ರಕ್ತನಾಳ ಕಟ್ಟಿಕೊಂಡವನು ಇದನ್ನು ತಾನಾಗಿ ನಿಲ್ಲಿಸುವುದೆಂದರೆ ಒಡ್ಡು ಒಡೆದಿರುವಾಗ ಗುದ್ದಲಿಯನ್ನು ಮನೆಯಲ್ಲಿಟ್ಟು ಹೋದಂತೆ. “ಗಿಡದ್ದಲ್ಲ ಅಂತೀರಲ್ಲ ಮಾಮಾರ,” ಎಂದೆ, “ನಿಮ್ಮ ಗುಳಿಗಿಯ ಮೂಲಪುರುಷನೂ ಕಾರ್ಖಾನ್ಯಾಗ ಹುಟ್ಟಿದಾಂವ ಅಲ್ಲ.” ಅಕಿರ ಎಂಡೊ ಎಂಬ ಜಪಾನಿನ ವಿಜ್ಞಾನಿ 1970ರ ದಶಕದಲ್ಲಿ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ಕೊನೆಗೆ ಪೆನಿಸಿಲಿಯಮ್ ಜಾತಿಯ ಒಂದು ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ನನ್ನು ಕಂಡರು. ಬೂಷ್ಟಿನ ಮಾತು ಕೇಳಿ ಮಾಮಾ ನಕ್ಕರು. ಎರಡು ತಿಂಗಳಲ್ಲಿ ಆ ವಿಷಯಕ್ಕೆ ಅವರು ನಕ್ಕದ್ದು ಅದೇ ಮೊದಲು ಎಂದು ಅಕ್ಕ ಆಮೇಲೆ ಹೇಳಿದಳು.

ಸೀಸೆಯ ಲೆಕ್ಕವನ್ನೂ ನೋಡಿದೆ. ದಿನಕ್ಕೆ ಎರಡು ಗುಳಿಗೆ, ಎರಡೂ ಸೇರಿ 800 ಮಿಲಿಗ್ರಾಂ. ಪರೀಕ್ಷೆಗಳಲ್ಲಿ ಚೆನ್ನಾಗಿ ಫಲ ಕಂಡುದರ ಅರ್ಧವೂ ಅಲ್ಲ. ಅದನ್ನೂ ಅವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದರು. ಊಟವಿಲ್ಲದೆ ಪಿತ್ತ ಇಳಿಯದು, ಪಿತ್ತ ಇಳಿಯದೆ ಬಸ್ಸೇ ಹೊರಡದು. ವೈದ್ಯರು ಒಪ್ಪಿದರೆ ಸ್ಟಾಟಿನ್ ಗುಳಿಗೆಯ ಜೊತೆಗೆ ಸ್ಟೆರಾಲನ್ನೂ ತಿನ್ನಬಹುದು. ಒಂದು ಯಕೃತ್ತಿನಲ್ಲಿ, ಇನ್ನೊಂದು ಕರುಳಿನಲ್ಲಿ ಕೆಲಸ ಮಾಡುವುದರಿಂದ ಎರಡರ ಫಲ ಕೂಡಿಕೊಳ್ಳುತ್ತದೆ. ಗುಳಿಗೆಯ ಪ್ರಮಾಣವನ್ನು ಇಮ್ಮಡಿಸಿದರೆ ಎಲ್‌ಡಿಎಲ್ ಇಳಿಯುವುದು ನೂರಕ್ಕೆ ಇನ್ನು 6ರಷ್ಟು ಮಾತ್ರ. ಜೊತೆಗೆ ಸಾಕಷ್ಟು ಸ್ಟೆರಾಲು ಸೇರಿದರೆ ಅದಕ್ಕಿಂತ ಹೆಚ್ಚು. ಆದರೆ ಬಸುರಿ, ಬಾಣಂತಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಈ ಗುಳಿಗೆ, ಪುಡಿಗಳು ಬೇಡ. ದೊಡ್ಡ ಪ್ರಮಾಣದಲ್ಲಿ ತಿನ್ನುವವರ ರಕ್ತದಲ್ಲಿ ಗಜ್ಜರಿ, ಸೊಪ್ಪುಗಳಿಂದ ಬರುವ ಕೆರೋಟಿನ್ ತುಸು ಇಳಿಯುವುದುಂಟು, ಅವರು ಅವನ್ನು ಹೆಚ್ಚಾಗಿ ಉಣ್ಣಬೇಕು. ಊಟದ ಸ್ಟೆರಾಲಿಗೆ ಈ ನಿರ್ಬಂಧಗಳಿಲ್ಲ. ಎಣ್ಣೆ ಒಳ್ಳೆಯದೆಂದು ಸುರಿದುಕೊಂಡರೆ ಮಾತ್ರ ಗ್ರಾಮಿಗೆ 9 ಕ್ಯಾಲೊರಿ ಲೆಕ್ಕ ತಪ್ಪದು.

ಊಟವಾದ ಮೇಲೆ ಅಕ್ಕ ಮೆಲ್ಲಗೆ ಒಂದು ಮಾತು ಹೇಳಿದಳು: ತಾಟಿನ ಮೇಲೆ ಅವಳು ಹಾಕಿದ್ದು ಕುಸುಬಿ ಎಣ್ಣೆ ಅಲ್ಲ. ನನ್ನ ಲೆಕ್ಕವನ್ನು ಕೆಡಿಸಬಾರದೆಂದು ಸುಮ್ಮನಿದ್ದಳಂತೆ. ಅದು ಅಂಗಡಿಯ ಪೊಟ್ಟಣದ ತಾಳೆ ಎಣ್ಣೆ. ಐದಾರು ವರ್ಷದಿಂದ ಅವರ ಹೊಲದಲ್ಲಿ ಕುಸುಬಿಯೇ ಇಲ್ಲ.

ನಾನು ಚಿಕ್ಕವನಿದ್ದಾಗ ಜೋಳದ ಹೊಲ, ಕಡಲೆಯ ಹೊಲಗಳ ಸುತ್ತ ಕುಸುಬಿಯ ಸಾಲು ಇರುತ್ತಿತ್ತು. ಮುಳ್ಳಿನ ಬೆಳೆ; ದನ ನುಗ್ಗದಂತೆ ಬೇಲಿಯೂ ಅದೇ, ವರ್ಷದ ಎಣ್ಣೆಯೂ ಅದೇ. ಎಳೆಯ ಎಲೆ ಪಲ್ಯಕ್ಕೆ. ಬೀಜವನ್ನು ನೆನೆಸಿ ರುಬ್ಬಿ ಹಿಂಡಿದ ಹಾಲಿನಲ್ಲಿ ಗೋಧಿಯ ಹುಗ್ಗಿ. ಹಿಂಡಿ ಎತ್ತಿಗೆ. ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಕೊಲೆಸ್ಟೆರಾಲನ್ನು ಇಳಿಸುವುದರಲ್ಲಿ ಅದರ ಪಾತ್ರ ಸ್ಟೆರಾಲಿಗಿಂತ ದೊಡ್ಡದೇ ಇರಬೇಕು. ತಾಳೆ ಎಣ್ಣೆಯಲ್ಲಿಯಾದರೋ ಅರ್ಧದಷ್ಟು ಸಾಂದ್ರ ಜಿಡ್ಡು, ಅದು ಎಲ್‌ಡಿಎಲ್ಲನ್ನು ಏರಿಸುವಂಥದು. 1980ರ ದಶಕದ ಕೊನೆಯಲ್ಲಿ ದೇಶದಲ್ಲಿ ಎಂಟು ಲಕ್ಷ ಹೆಕ್ಟೇರಿಗೂ ಮೇಲೆ ಕುಸುಬಿ ಇತ್ತು, ಅದರಲ್ಲಿ ಹೆಚ್ಚಿನದು ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದ ಎರೆಯ ನೆಲದಲ್ಲಿ. ಇಂದು ಒಂದು ಲಕ್ಷ ಹೆಕ್ಟೇರೂ ಇಲ್ಲ. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆ ಹಳ್ಳಿಯ ಅಂಗಡಿಯವರೆಗೂ ಬಂತು. ಕುಸುಬಿಗೆ ಹೇನಿನ ಕಾಟ, ಬೆಲೆಯ ಕಾಟ. ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲಿಯೇ ಎದ್ದು, ಕೈಕಾಲಿಗೆ ಅರಿವೆ ಸುತ್ತಿಕೊಂಡು ಕೊಯ್ಯುವ ಆಳುಗಳು ಈಗ ಸಿಗುವುದಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ದೊಡ್ಡ ಯೋಜನೆ ರಾಮಥಾಳದ ಹೆಸರಿನಲ್ಲಿಯೇ ಇದೆ. ನೀರು ಕಂಡ ರೈತ ಉಳ್ಳಾಗಡ್ಡಿ, ಮೆಣಸಿನಕಾಯಿಗಳ ಕಡೆಗೆ ತಿರುಗಿದರೆ ತಪ್ಪೆನ್ನಲಾಗದು; ನೀರು ಬೇಡದ ಕುಸುಬಿಗೆ ನೀರಿನ ಹೊಲದಲ್ಲಿ ಏನು ಮರ್ಯಾದೆ?

ಆ ರಾತ್ರಿ ಮಾಮಾ ಮಾಡದಿಂದ ಹಳೆಯ ಗುಳಿಗೆಯ ಹಾಳೆಯನ್ನು ತೆಗೆದು ಒಂದನ್ನು ನುಂಗಿದರು. ಎರಡು ದಿನದಲ್ಲಿ ಹುನಗುಂದಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣುವುದೆಂದು ಠರಾವಾಯಿತು. ಸೀಸೆಯನ್ನು ಎಸೆಯಲು ಮಾತ್ರ ಅವರು ಒಪ್ಪಲಿಲ್ಲ. “ರೊಕ್ಕಾ ಕೊಟ್ಟೀನಿ. ಡಾಕ್ಟರು ಹೂಂ ಅಂದ್ರ ಊಟದ ಕೂಡ ತಿಂದು ಖಾಲಿ ಮಾಡ್ತೀನಿ.”

ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಂತಾಗ, ಬರುವ ಹಿಂಗಾರಿಗೆ ಎರಡು ಸಾಲು ಕುಸುಬಿ ಹಾಕಿರೆಂದು ಹೇಳಿದೆ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ಎ-1 ಎಂಬ ಹಳೆಯ ತಳಿ ಅವರಿಗೂ ಗೊತ್ತಿತ್ತು. ಮುಳ್ಳಿನ ಮಾತು ಬಂದಾಗ, ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ ಸಂಸ್ಥೆಯವರು ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನು ತಂದಿದ್ದಾರೆ, ಅದನ್ನು ಕೊಯ್ಯಲು ಆಳುಗಳು ಬೇಸರಪಡುವುದಿಲ್ಲ ಎಂದೆ.

ಮಾಮಾ ಬದುವಿನಾಚೆ ಮೇಯುತ್ತಿದ್ದ ಹೋರಿಯನ್ನು ನೋಡುತ್ತ, “ಮುಳ್ಳಿಲ್ಲದ ಕುಸುಬಿ ಅಂದ್ರ ಇವು ಬಿಡ್ತಾವೇನ್ರಿ ಮಾಸ್ತರ?” ಎಂದರು.